ಕಾಸಿಮೇಡಿನ ಹೆಸರಿಲ್ಲದ ಹಡಗುಗಳು

ಚೆನ್ನೈಯಲ್ಲಿ ಕನ್ನಡಿಗರು ಎಲ್ಲಿ ಸಿಗುತ್ತಾರೆ ಅಂತ ಕೇಳಿದರೆ ಹಳಬರು ಟಿ. ನಗರ, ಮಾಂಬಲಂ, ಟ್ರಿಪ್ಲಿಕೇನ್ ಅನ್ನುತ್ತಾರೆ. ಹೊಸಬರು ಓಎಂಆರ್ ರಸ್ತೆಯ ಅಪಾರ್ಟ್‌ಮೆಂಟುಗಳ ಹೆಸರು ಹೇಳುತ್ತಾರೆ. ಕಾಸಿಮೇಡು ಅಂತ ಯಾರೂ ಹೇಳುವುದಿಲ್ಲ. ಆದರೆ ಭಾನುವಾರ ಬೆಳಗಿನ ಜಾವ ಅಲ್ಲಿನ ಮೀನು ಬಂದರಿನಲ್ಲಿ ಸ್ವಲ್ಪ ಹೊತ್ತು ನಿಂತುಕೊಳ್ಳಿ. ಬುಟ್ಟಿಗಳ ಮುಂದೆ ಅರ್ಧ ತಮಿಳು, ಅರ್ಧ ಕುಂದಾಪ್ರ ಕನ್ನಡದಲ್ಲಿ ಚೌಕಾಸಿ ಮಾಡುವ ಒಬ್ಬಿಬ್ಬರು ಖಂಡಿತ ಸಿಗುತ್ತಾರೆ. ಗಂಗೊಳ್ಳಿ ಕಡೆಯ ನಾನೂ ಅವರಲ್ಲೊಬ್ಬ. ಊರು ಬಿಟ್ಟ ಕರಾವಳಿಯವರಿಗೆ ದೇವಸ್ಥಾನ, ಸಂಘ, ಯಕ್ಷಗಾನ ಇಲ್ಲದಿದ್ದರೂ ಹೇಗೋ ನಡೆಯುತ್ತದೆ. ತಾಜಾ ಮೀನು ಇಲ್ಲದಿದ್ದರೆ ನಡೆಯುವುದಿಲ್ಲ.

ಕಾಸಿಮೇಡು ಇರುವುದು ಉತ್ತರ ಚೆನ್ನೈಯ ರಾಯಪುರಂ ಪಕ್ಕದಲ್ಲಿ. ತಮಿಳಿನಲ್ಲಿ ಮೇಡು ಅಂದರೆ ದಿಣ್ಣೆ. ಬೀಚ್ ಸ್ಟೇಷನ್ನಿನಿಂದ ಲೋಕಲ್ ರೈಲು ಹತ್ತಿದರೆ ಮುಂದಿನ ನಿಲ್ದಾಣವೇ ರಾಯಪುರಂ. ದಕ್ಷಿಣ ಭಾರತದ ಮೊದಲ ರೈಲು 1856ರಲ್ಲಿ ಹೊರಟದ್ದು ಇದೇ ರಾಯಪುರಂನಿಂದ. ಅಲ್ಲಿಂದ ಆಟೋದಲ್ಲಿ ಸಮುದ್ರದ ಕಡೆ ಹೋದರೆ ಎಣ್ಣೂರು ಎಕ್ಸ್‌ಪ್ರೆಸ್‌ವೇ ಸಿಗುತ್ತದೆ. ಹೆಸರು ಎಕ್ಸ್‌ಪ್ರೆಸ್, ಆದರೆ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು ಸಾಲಾಗಿ ನಿಂತಿದ್ದರೆ ನಡೆದು ಹೋಗುವುದೇ ಬೇಗ. ಬಲಕ್ಕೆ ಸಮುದ್ರ. ಮರೀನಾದ ಹಾಗೆ ಮರಳಿನ ದಂಡೆ ಇಲ್ಲಿಲ್ಲ. ಮದ್ರಾಸ್ ಬಂದರಿನ ಗೋಡೆ ಎದ್ದ ಮೇಲೆ ದಕ್ಷಿಣಕ್ಕೆ ಮರಳು ಕೂಡಿತು, ಉತ್ತರದ ದಂಡೆಯನ್ನು ಸಮುದ್ರ ತಿನ್ನುತ್ತಾ ಬಂತು. ಮರೀನಾ ಅಷ್ಟು ಅಗಲವಾಗಿರುವುದಕ್ಕೂ ರಾಯಪುರಂ ಕರೆಯಲ್ಲಿ ಕರಿಬಂಡೆಗಳ ರಾಶಿ ಹಾಕಿರುವುದಕ್ಕೂ ಕಾರಣ ಒಂದೇ.

ಬಂದರಿನೊಳಗೆ ಹೋದರೆ ಭಾಷೆ ಬದಲಾಗುತ್ತದೆ. ನಮ್ಮ ಅಂಜಲ್ ಇಲ್ಲಿ ವಂಜರಂ. ನಮ್ಮ ಬೈಗೆ, ಮಂಗಳೂರಿನವರ ಬೂತಾಯಿ ಇಲ್ಲಿ ಮತ್ತಿ. ಬಂಗುಡೆಯನ್ನು ಕಾನಾಂಗೆಳುತ್ತಿ ಅನ್ನುತ್ತಾರೆ. ಆ ಹೆಸರು ಬಾಯಿಗೆ ಬರಲು ನನಗೆ ಆರು ತಿಂಗಳು ಹಿಡಿಯಿತು. ಮಲ್ಪೆಯಲ್ಲಿ ಬೋಟು ನಡೆಸುವವನು ತಾಂಡೇಲ, ಇಲ್ಲಿ ಅವನು ಡ್ರೈವರ್. ರಾತ್ರಿ ಎರಡು ಮೂರು ಗಂಟೆಗೆ ಬೋಟುಗಳು ಬಂದು ನಿಂತರೆ ಹರಾಜು ಶುರು. ಕೂಗುವವರಲ್ಲಿ ಹೆಂಗಸರೇ ಜೋರು.

ನಾನು ಹೇಳಹೊರಟದ್ದು ಹರಾಜಿನ ಕತೆಯಲ್ಲ, ಹರಾಜು ಇಲ್ಲದ ದಿನಗಳ ಕತೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲ. ಮೊದಲು ಈ ನಿಷೇಧ 45 ದಿನ ಇತ್ತು. 2017ರಿಂದ 61 ದಿನವಾಗಿ ಜೂನ್ 14ರವರೆಗೆ ನಡೆಯುತ್ತದೆ. ನಮ್ಮ ಕಡೆ ಇದೇ ರಜೆ ಜೂನ್ 1ರಿಂದ ಜುಲೈ ಕೊನೆಯವರೆಗೆ. ಆ ದಿನಗಳಲ್ಲಿ ಕಾಸಿಮೇಡಿನ ಬೋಟುಗಳು ಹಗ್ಗಕ್ಕೆ ಹಗ್ಗ ಕಟ್ಟಿಕೊಂಡು ಒತ್ತೊತ್ತಾಗಿ ನಿಂತಿರುತ್ತವೆ. ಬಣ್ಣ ಬಳಿಯುವವರು, ಬಲೆ ಹೆಣೆಯುವವರು, ಇಂಜಿನ್ ಬಿಚ್ಚಿದವರು ಎಲ್ಲ ಕಡೆ. ಜೊತೆಗೆ ವ್ಹೀಲ್‌ಹೌಸಿನಿಂದ ಕಳಚಿದ ಪೆಟ್ಟಿಗೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗುವವರು. ಜಿಪಿಎಸ್, ಎಕೋ ಸೌಂಡರ್, ವಿಎಚ್‌ಎಫ್ ಸೆಟ್ಟು. ಇವೆಲ್ಲ ಹೋಗುವುದು ಬಂದರಿನ ಹಿಂದಿನ ಓಣಿಗಳಲ್ಲಿರುವ ರಿಪೇರಿ ಅಂಗಡಿಗಳಿಗೆ.

ಮೀನು ಹುಡುಕುವ ಯಂತ್ರ ಹೊಸತೇನಲ್ಲ. ಜಪಾನಿನ ನಾಗಸಾಕಿ ಕಡೆಯ ಫುರುನೋ ಸಹೋದರರು 1948ರಲ್ಲೇ ಅದನ್ನು ಮಾರಾಟಕ್ಕೆ ತಂದಿದ್ದರು. ಜಿಪಿಎಸ್ ನಂತರ ಬಂತು. 2000ದ ಮೇ ತಿಂಗಳಲ್ಲಿ ಅಮೆರಿಕ ತಾನೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿದ ಮೇಲೆ ಸಾಮಾನ್ಯರ ಜಿಪಿಎಸ್ಸೂ ಕೆಲವೇ ಮೀಟರುಗಳಷ್ಟು ನಿಖರವಾಯಿತು. ಬಲೆ ಸಿಕ್ಕಿಹಾಕಿಕೊಳ್ಳುವ ಬಂಡೆ ಎಲ್ಲಿದೆ, ಶಂಕರಾ ಮೀನು ಸಿಗುವ ಪಾರು ಎಲ್ಲಿದೆ, ಎಲ್ಲವನ್ನೂ ಡ್ರೈವರುಗಳು ಅದರಲ್ಲಿ ಗುರುತು ಹಾಕಿಕೊಂಡರು.

ಈ ಪೆಟ್ಟಿಗೆಗಳು ಒಂದರ ಜೊತೆ ಒಂದು ಮಾತಾಡಬೇಕಲ್ಲ? ಅದಕ್ಕೊಂದು ಭಾಷೆ ಇದೆ, ಎನ್‌ಎಂಇಎ 0183. ಅಮೆರಿಕದ ಸಾಗರ ಎಲೆಕ್ಟ್ರಾನಿಕ್ಸ್ ಸಂಘ 1983ರಲ್ಲಿ ಹೊರತಂದದ್ದು. ನಮ್ಮ ಹಳೆಯ ಕಂಪ್ಯೂಟರಿನ ಹಿಂಭಾಗದಲ್ಲಿ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್ ಇರುತ್ತಿತ್ತಲ್ಲ, ಮೋಡೆಮ್ಮು, ಮೌಸು ಸಿಕ್ಕಿಸುತ್ತಿದ್ದದ್ದು, ಅದಕ್ಕೂ ಅರ್ಥವಾಗುವ ಭಾಷೆ. ವೇಗ 4800 ಬಾಡ್, ಅಂದರೆ ಸೆಕೆಂಡಿಗೆ 480 ಅಕ್ಷರ. ಒಂದು ವಾಕ್ಯಕ್ಕೆ ಹೆಚ್ಚೆಂದರೆ 82 ಅಕ್ಷರ. ಇವತ್ತಿನ ಲೆಕ್ಕದಲ್ಲಿ ಆಮೆ. ಆದರೆ ನಾನು ಎಲ್ಲಿದ್ದೇನೆ ಅಂತ ಸೆಕೆಂಡಿಗೊಮ್ಮೆ ಹೇಳಲು ಇಷ್ಟು ಧಾರಾಳ ಸಾಕು.

ನನಗೆ ಪರಿಚಯದ ರಿಪೇರಿ ಅಂಗಡಿ ಒಂದಿದೆ. ಅಗಲ ಎಂಟಡಿ, ಉದ್ದ ಹನ್ನೆರಡಡಿ. ನಡೆಸುವವರನ್ನು ಎಲ್ಲರೂ ಅಣ್ಣ ಅಂತಲೇ ಕರೆಯುವುದು, ನಾನೂ ಹಾಗೇ. ಕೆಲಸದ ಮೇಲೆ ನಾನೂ ಸರ್ಕ್ಯೂಟ್ ಬೋರ್ಡುಗಳ ಜೊತೆಗೇ ಇರುವವನು. ಹಾಗಾಗಿ ಮೀನು ತಗೊಂಡ ಮೇಲೆ ಐಸ್ ಹಾಕಿದ ಚೀಲ ಬಾಗಿಲಲ್ಲಿಟ್ಟು ಒಂದು ಗಂಟೆ ಅಲ್ಲಿ ಕೂರುವುದು ರೂಢಿಯಾಯಿತು. ಅಣ್ಣ 90ರ ದಶಕದಲ್ಲಿ ಪ್ಯಾರಿಸ್ ಕಾರ್ನರ್ ಕಡೆ ಮೋಡೆಮ್ ರಿಪೇರಿ ಮಾಡುತ್ತಿದ್ದವರು. ಮೋಡೆಮ್ ಕಾಲ ಮುಗಿದ ಮೇಲೆ ಬೋಟುಗಳ ಕಡೆ ಬಂದರು. "ಎರಡೂ ಅದೇ ಪೋರ್ಟು ಸಾರ್. ಅಲ್ಲಿ ಫೋನ್ ಲೈನಿಗೆ ಸಿಡಿಲು, ಇಲ್ಲಿ ಉಪ್ಪುನೀರು. ಅಷ್ಟೇ ವ್ಯತ್ಯಾಸ" ಅನ್ನುತ್ತಿದ್ದರು. ಅವರ ಮೇಜಿನ ಮೇಲೆ ಹಸಿರು ತುಕ್ಕು ಹಿಡಿದ ಕನೆಕ್ಟರುಗಳ ಒಂದು ಡಬ್ಬವೇ ಇತ್ತು.

2012ರ ಮೇ ತಿಂಗಳು. ನಿಷೇಧದ ದಿನಗಳು ಮುಗಿಯುತ್ತಾ ಬಂದಿದ್ದವು. ಒಬ್ಬ ಡ್ರೈವರ್ ಅಂಗಡಿಗೆ ಬಂದು ಕೂತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಮೆಲ್ಲಗೆ ಮಾತಾಡುವವರು. ಹಿಂದಿನ ವರ್ಷ ಎಣ್ಣೂರಿನಾಚೆ ರಾತ್ರಿ ಬಲೆ ಎಳೆಯುತ್ತಿದ್ದಾಗ ಒಂದು ದೊಡ್ಡ ಹಡಗು ನೇರವಾಗಿ ಇವರ ಕಡೆ ಬಂತಂತೆ. ಟ್ರಾಲ್ ಬಲೆ ಹಿಂದೆ ಇರುವಾಗ ಬೋಟು ತಟ್ಟನೆ ತಿರುಗುವುದಿಲ್ಲ. ನಿಯಮದ ಪ್ರಕಾರ ಬಲೆ ಎಳೆಯುವ ಬೋಟಿಗೆ ಹಡಗೇ ದಾರಿ ಬಿಡಬೇಕು. ಆದರೆ ಬೋಟು ಇದೆ ಅಂತ ಹಡಗಿಗೆ ಗೊತ್ತಾಗಬೇಕಲ್ಲ. ವಿಎಚ್‌ಎಫ್‌ನ 16ನೇ ಚಾನೆಲ್ಲಿನಲ್ಲಿ ಇವರು ಕೂಗಿದರು. "ಶಿಪ್ ಶಿಪ್ ಅಂತ ಕೂಗಿದೆ ತಂಬಿ. ಅಲ್ಲಿ ಹತ್ತು ಶಿಪ್ ಇದೆ. ಯಾವುದು ತಿರುಗಿ ನೋಡತ್ತೆ?" ಕೊನೆಗೆ ಆ ಹಡಗು ಹತ್ತಿರದಲ್ಲೇ ಹಾದು ಹೋಯಿತು. ಬಲೆ ಕತ್ತರಿಸಿ ಬಿಡಬೇಕಾಯಿತು, ಜೀವ ಉಳಿಯಿತು.

ಈ ಭಾಗದ ಕಡಲನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಕಾಸಿಮೇಡಿನ ಗೋಡೆಯಾಚೆಗೇ ಚೆನ್ನೈ ಬಂದರು. ಉತ್ತರಕ್ಕೆ ಎಣ್ಣೂರಿನ ಕಾಮರಾಜರ್ ಬಂದರು, ಅದರಾಚೆ ಕಾಟ್ಟುಪಳ್ಳಿ. ಮೂರಕ್ಕೂ ಬರುವ ಹಡಗುಗಳ ದಾರಿಯನ್ನು ದಾಟಿಯೇ ಬೋಟುಗಳು ಕಡಲಿಗೆ ಹೋಗಬೇಕು. ದೊಡ್ಡ ಹಡಗುಗಳೇ ಇಲ್ಲಿ ಒಂದಕ್ಕೊಂದು ಬಡಿದದ್ದುಂಟು. 2017ರ ಜನವರಿ 28ರಂದು ಕಾಮರಾಜರ್ ಬಂದರಿನ ಹೊರಗೆ ಎರಡು ಹಡಗುಗಳು ಡಿಕ್ಕಿ ಹೊಡೆದು, ಚೆಲ್ಲಿದ ಎಣ್ಣೆ ದಡದುದ್ದಕ್ಕೂ ಬಂದು ಬಿತ್ತು. ಬಕೆಟ್ಟಿನಲ್ಲಿ ಎಣ್ಣೆ ಎತ್ತಿದ ಆ ಚಿತ್ರಗಳನ್ನು ನೀವೂ ನೋಡಿರುತ್ತೀರಿ.

ಡ್ರೈವರಿಗೆ ಬೇಕಾಗಿದ್ದದ್ದು ಹಡಗುಗಳ ಹೆಸರು. ಅದಕ್ಕೆ ದಾರಿ ಇತ್ತು. 2004ರ ಕೊನೆಯ ಹೊತ್ತಿಗೆ ವಿದೇಶ ಪ್ರಯಾಣದ 300 ಟನ್ನಿಗೆ ಮೇಲ್ಪಟ್ಟ ಹಡಗುಗಳೆಲ್ಲ ಎಐಎಸ್ ಅನ್ನುವ ಉಪಕರಣ ಇಟ್ಟುಕೊಳ್ಳುವುದು ಕಡ್ಡಾಯವಾಗಿತ್ತು. ಅದು ತನ್ನ ಜಾಗ, ದಿಕ್ಕು, ವೇಗವನ್ನು ರೇಡಿಯೋದಲ್ಲಿ ತಾನಾಗಿಯೇ ಹೇಳುತ್ತಿರುತ್ತದೆ. ಹಡಗು ಓಡುತ್ತಿದ್ದರೆ ವೇಗಕ್ಕೆ ತಕ್ಕಂತೆ 2ರಿಂದ 10 ಸೆಕೆಂಡಿಗೊಮ್ಮೆ, ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಜೊತೆಗೆ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ. ಭಾರತದ್ದಾದರೆ 419ರಿಂದ ಶುರುವಾಗುತ್ತದೆ. ಹಡಗಿನ ಹೆಸರು ಮಾತ್ರ 6 ನಿಮಿಷಕ್ಕೊಮ್ಮೆ.

ಇದನ್ನೆಲ್ಲ ನಕ್ಷೆಯ ಮೇಲೆ ತೋರಿಸುವ ಹೊಸ ಪ್ಲಾಟರ್ ಕೊಳ್ಳಲು ಬೋಟಿನ ಮಾಲೀಕರು ಒಪ್ಪಲಿಲ್ಲ. ಅಣ್ಣ ಅಗ್ಗದ ಉಪಾಯ ಹೂಡಿದರು. ಒಂದು ಚಿಕ್ಕ ಎಐಎಸ್ ರಿಸೀವರ್, ಒಂದು ಹಳೆಯ ಪೆಂಟಿಯಂ ಕಂಪ್ಯೂಟರ್, ವಿಂಡೋಸ್ 98, ಒಂದು ನಕ್ಷೆಯ ಪ್ರೋಗ್ರಾಂ, ಕರೆಂಟಿಗೆ ಇನ್ವರ್ಟರ್. ಆದರೆ ಆ ಕಂಪ್ಯೂಟರಿನ ಸ್ವಂತ ಸೀರಿಯಲ್ ಪೋರ್ಟುಗಳು ಸುಟ್ಟಿದ್ದವು. ಯಾವುದೋ ಬೋಟಿನಲ್ಲಿ 24 ವೋಲ್ಟಿನ ತಂತಿ ತಾಗಿತ್ತಂತೆ. ಹಾಗಾಗಿ ಗುಜರಿಯಲ್ಲಿ ಸಿಕ್ಕಿದ ಇನ್ನೂ ಹಳೆಯ ಐಎಸ್‌ಎ ಕಾರ್ಡೊಂದನ್ನು ಸಿಕ್ಕಿಸಿದ್ದರು. ಅದರಲ್ಲಿ ಎರಡು ಸೀರಿಯಲ್ ಪೋರ್ಟ್.

ಅಂಗಡಿಯ ಮಾಡಿನ ಮೇಲೆ ಆಂಟೆನಾ ಇಟ್ಟು ಪರೀಕ್ಷೆ ಶುರು. ಜಿಪಿಎಸ್ ಸಿಕ್ಕಿಸಿದರೆ ಸರಿಯಾಗಿ ಕೆಲಸ ಮಾಡಿತು. ಎಐಎಸ್ ಸಿಕ್ಕಿಸಿದರೆ ನಕ್ಷೆಯ ತುಂಬ ಹಡಗುಗಳ ತ್ರಿಕೋನ. ಎಲ್ಲರಿಗೂ ಖುಷಿ. ಅರ್ಧ ಗಂಟೆ ಕಳೆದರೂ ಹೆಚ್ಚಿನ ತ್ರಿಕೋನಗಳ ಪಕ್ಕದಲ್ಲಿ ಬರೀ ಸಂಖ್ಯೆ, ಹೆಸರಿಲ್ಲ. ಡ್ರೈವರ್ ಪರದೆ ನೋಡಿ, "ನಂಬರ್ ಹೇಳಿ ಕೂಗಬೇಕಾ?" ಅಂದರು. ಬಂದದ್ದೇ ಹೆಸರಿಗಾಗಿ.

ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ ಚುರುಕು. ಜಿಪಿಎಸ್‌ನ ವೇಗ 4800, ಎಐಎಸ್‌ನ ವೇಗ 38400, ಎಂಟು ಪಟ್ಟು ಹೆಚ್ಚು. ಹಳೆಯ ಕಾರ್ಡ್ ನಿಧಾನ, ಅದನ್ನು ಜೋರು ಮಾಡಿದರೆ ಸರಿಹೋಗುತ್ತದೆ ಅಂತ ಅವನ ಲೆಕ್ಕ. ಜೋರು ಮಾಡುವ ವಿದ್ಯೆಯೂ ಅಣ್ಣನ ಬಾಯಿಂದಲೇ ಕೇಳಿದ್ದು. ಅಣ್ಣ ಇಲ್ಲದ ಒಂದು ಮಧ್ಯಾಹ್ನ ಕಾರ್ಡಿನ ಮೇಲಿದ್ದ ಕ್ರಿಸ್ಟಲ್ ಕಿತ್ತು, ಅಣ್ಣನ ಡಬ್ಬದಿಂದಲೇ ಇನ್ನೊಂದು ತೆಗೆದು ಬೆಸೆದ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಸೀರಿಯಲ್ ತಂತಿಯಲ್ಲಿ ಅಕ್ಷರಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಒಂದು ಬಿಟ್ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹೇಳುವ ಗಡಿಯಾರ ಆ ತಂತಿಯಲ್ಲಿ ಇರುವುದಿಲ್ಲ. ಕಳಿಸುವವನ ಬಳಿ ಒಂದು ಗಡಿಯಾರ, ಪಡೆಯುವವನ ಬಳಿ ಇನ್ನೊಂದು. ಇಬ್ಬರೂ ಮೊದಲೇ ಒಂದು ವೇಗಕ್ಕೆ ಒಪ್ಪಿಕೊಂಡಿರಬೇಕು. ಕಂಪ್ಯೂಟರಿನ ಕಡೆ ಆ ಗಡಿಯಾರವೇ ಕ್ರಿಸ್ಟಲ್. ಐಬಿಎಂ ಪಿಸಿಯ ಕಾಲದಿಂದ ಅದರ ಲೆಕ್ಕ 1.8432 ಮೆಗಾಹರ್ಟ್ಸ್. ಅದನ್ನು 16ರಿಂದ ಭಾಗಿಸಿದರೆ 115200. ಅದೇ ಗರಿಷ್ಠ ವೇಗ. ಅದನ್ನು 3ರಿಂದ ಭಾಗಿಸಿದರೆ 38400, 12ರಿಂದ ಭಾಗಿಸಿದರೆ 9600, 24ರಿಂದ ಭಾಗಿಸಿದರೆ 4800. ಹಳೆಯ ಕಂಪ್ಯೂಟರಿನಲ್ಲಿ ವೇಗ ಆರಿಸುವ ಪಟ್ಟಿಯಲ್ಲಿ ಕಾಣುತ್ತಿದ್ದ ಆ ವಿಚಿತ್ರ ಸಂಖ್ಯೆಗಳ ಗುಟ್ಟು ಇಷ್ಟೇ.

ಹುಡುಗ ಹಾಕಿದ್ದು 7.3728 ಮೆಗಾಹರ್ಟ್ಸಿನದು, ಸರಿಯಾಗಿ ನಾಲ್ಕು ಪಟ್ಟು. ಈ ಬದಲಾವಣೆಗೂ ಒಂದು ಕಾಲವಿತ್ತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಕಿರ್ರೋ ಅನ್ನುವ ಮೋಡೆಮ್ಮಿಗೆ ಹಳೆಯ ಪೋರ್ಟ್ ಸಾಕಾಗುತ್ತಿತ್ತು. ಆಮೇಲೆ ಐಎಸ್‌ಡಿಎನ್ ಲೈನು ಬಂತು, ಸೆಕೆಂಡಿಗೆ 128 ಸಾವಿರ ಬಿಟ್. ಕಂಪ್ಯೂಟರಿನ ಪೋರ್ಟ್ 115200ಕ್ಕೇ ನಿಂತುಬಿಡುತ್ತದೆ. ಅದರಲ್ಲೂ ಪ್ರತಿ ಅಕ್ಷರದ ಹಿಂದೆ ಮುಂದೆ ಒಂದೊಂದು ಬಿಟ್ ಬರೀ ಗುರುತಿಗೆ ಹೋಗುತ್ತದೆ. ಲೈನಿಗೆ ಕೊಟ್ಟ ದುಡ್ಡು ಪೋರ್ಟಿನಲ್ಲಿ ಪೋಲು. ಆಗ ಅಣ್ಣನಂಥವರು ಕ್ರಿಸ್ಟಲ್ಲನ್ನು ದುಪ್ಪಟ್ಟು ಮಾಡಿ 230400ಕ್ಕೆ ಓಡಿಸುತ್ತಿದ್ದರು. ಬರೀ ಕ್ರಿಸ್ಟಲ್ ಸಾಲದು. ಆ ಚಿಪ್ ಹೊಸ ವೇಗ ತಡೆಯಬೇಕು. ತಂತಿಗೆ ವೋಲ್ಟೇಜ್ ಏರಿಳಿಸಿ ಕೊಡುವ ಡ್ರೈವರ್ ಚಿಪ್ಪೂ ತಡೆಯಬೇಕು; ಮ್ಯಾಕ್ಸ್232 ಅನ್ನುವ ಹೆಸರುವಾಸಿ ಚಿಪ್ಪಿನ ಮಿತಿ ಸುಮಾರು 120 ಸಾವಿರ ಬಿಟ್. ಕೇಬಲ್ ಗಿಡ್ಡವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಚೆ ಕಡೆಯ ಮೋಡೆಮ್ ಕೂಡ ಆ ವೇಗಕ್ಕೆ ಒಪ್ಪಬೇಕು. ಅದು ಒಪ್ಪುತ್ತಿತ್ತು, ಹಾಗಾಗಿ ಆಗ ಆ ಕೆಲಸಕ್ಕೆ ಅರ್ಥವಿತ್ತು.

ಕಾಸಿಮೇಡಿನ ಅಂಗಡಿಯಲ್ಲಿ ಆದದ್ದು ಬೇರೆ. ಹೊಸ ಕ್ರಿಸ್ಟಲ್ ಹಾಕಿ ಆನ್ ಮಾಡಿದರೆ ನಕ್ಷೆ ಖಾಲಿ. ಹಡಗಿಲ್ಲ, ಜಿಪಿಎಸ್ ಕೂಡ ಇಲ್ಲ. ಬಂದದ್ದೆಲ್ಲ ಅರ್ಥವಿಲ್ಲದ ಅಕ್ಷರಗಳು. ಸಂಜೆ ಅಣ್ಣ ಬಂದು ನೋಡಿದರು. ನಾನು ಅಲ್ಲೇ ಕೂತಿದ್ದೆ, ಬೈಗುಳ ಬೀಳಬಹುದು ಅಂದುಕೊಂಡೆ. ಬೀಳಲಿಲ್ಲ.

"ಡೇ, ನೀನು ನಮ್ಮ ಕಡೆ ಗಡಿಯಾರ ಬದಲಾಯಿಸಿದೆ, ಸರಿ. ರಿಸೀವರಿನ ಗಡಿಯಾರ ಬದಲಾಯಿಸಿದೆಯಾ?"

"ಅದು ಆಗಲ್ವಲ್ಲ ಅಣ್ಣೇ. ಅದು 38400 ಅಂತ ಫಿಕ್ಸ್ ಆಗಿ ಬಂದಿದೆ."

"ಹಾಗಾದ್ರೆ ಅದು ಒಂದು ಮಾತು ಹೇಳೋವಾಗ ನೀನು ನಾಲ್ಕು ಸಲ ಕಿವಿ ಕೊಡ್ತಿದ್ದೀಯ. ಏನು ಕೇಳ್ಸತ್ತೆ?"

ಆಮೇಲೆ ಪ್ರೋಗ್ರಾಮಿನಲ್ಲಿ 38400 ಇದ್ದಲ್ಲಿ 9600 ಅಂತ, ಜಿಪಿಎಸ್‌ಗೆ 4800 ಇದ್ದಲ್ಲಿ 1200 ಅಂತ ಬದಲಿಸಿದರು. ನಾಲ್ಕರಿಂದ ಗುಣಿಸಿದರೆ ಲೆಕ್ಕ ಸರಿಹೋಗುತ್ತದೆ. ಹಡಗುಗಳು ಮತ್ತೆ ಬಂದವು. ಹೆಸರುಗಳು ಮಾತ್ರ ಬರಲಿಲ್ಲ, ಮೊದಲು ಹೇಗಿತ್ತೋ ಹಾಗೇ. ಹುಡುಗನಿಗೆ ಅದೇ ಪಾಠ. ಆ ಕಾರ್ಡಿಗೆ 38400ರ ವೇಗ ಮೊದಲಿನಿಂದಲೂ ಇತ್ತು, ತೊಂದರೆ ವೇಗದ್ದಾಗಿರಲಿಲ್ಲ.

ತೊಂದರೆ ಏನು ಅನ್ನುವುದಕ್ಕೆ ಅಣ್ಣ ಕಿಟಕಿಯಾಚೆ ಜೆಟ್ಟಿಯ ಕಡೆ ಕೈ ತೋರಿಸಿದರು. ಬೋಟಿನ ಮೇಲಿಂದ ಒಬ್ಬ ಮೀನು ಎಸೆಯುತ್ತಿದ್ದಾನೆ, ಕೆಳಗೆ ಒಬ್ಬ ಹಿಡಿಯುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಕೆಳಗಿನವನ ಕೈಯಲ್ಲಿ ಒಂದೇ ಮೀನಿಗೆ ಜಾಗ. ಅದನ್ನು ಹಿಂದೆ ನಿಂತವನಿಗೆ ಕೊಟ್ಟು ತಿರುಗುವುದರೊಳಗೆ ಇನ್ನೊಂದು ಬಂದರೆ ನೀರಿಗೆ. ಎಸೆಯುವವನು ನಿಧಾನಿಯಾದರೆ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಜೋರಾದರೆ, ಅಥವಾ ಹಿಂದಿನವನು ಬೀಡಿ ಹಚ್ಚಲು ಆಚೆ ತಿರುಗಿದರೆ, ಮೀನು ಹೋಯಿತು. ಕೆಳಗಿನವನಿಗೆ ಜೋರಾಗಿ ಕೈ ಬೀಸು ಅಂತ ಹೇಳಿ ಪ್ರಯೋಜನವಿಲ್ಲ. ಕೈಗೆ ಒಂದು ಬುಟ್ಟಿ ಕೊಡಬೇಕು.

ಆ ಕಾರ್ಡಿನ ಸೀರಿಯಲ್ ಚಿಪ್ 16450 ಅನ್ನುವ ಸಂಖ್ಯೆಯದು. ಮೊದಲ ಐಬಿಎಂ ಪಿಸಿಯ 8250 ಚಿಪ್ಪಿನ ತಮ್ಮ. ಬಂದ ಅಕ್ಷರ ಇಟ್ಟುಕೊಳ್ಳಲು ಅದರಲ್ಲಿ ಒಂದೇ ಜಾಗ. 4800 ವೇಗದಲ್ಲಿ ಒಂದು ಅಕ್ಷರಕ್ಕೆ ಸುಮಾರು 2 ಮಿಲಿಸೆಕೆಂಡ್ ಸಿಗುತ್ತದೆ, ಅಷ್ಟರಲ್ಲಿ ಪ್ರೊಸೆಸರ್ ಬಂದು ಎತ್ತಿಕೊಳ್ಳುತ್ತದೆ. 38400ರಲ್ಲಿ ಸಿಗುವುದು 0.26 ಮಿಲಿಸೆಕೆಂಡ್. ವಿಂಡೋಸ್ ಆ ಹೊತ್ತಿಗೆ ನಕ್ಷೆ ಬಿಡಿಸುತ್ತಲೋ ಹಾರ್ಡ್ ಡಿಸ್ಕ್ ಓದುತ್ತಲೋ ಇದ್ದರೆ ಒಂದು ಅಕ್ಷರ ಹೋಯಿತು. ಒಂದು ಅಕ್ಷರ ಹೋದರೆ ಇಡೀ ವಾಕ್ಯ ಹೋದಂತೆ. ಎನ್‌ಎಂಇಎ ವಾಕ್ಯದ ಕೊನೆಯಲ್ಲಿ ತಾಳೆ ನೋಡುವ ಎರಡು ಅಂಕಿ ಇರುತ್ತದೆ, ಲೆಕ್ಕ ಕೂಡದಿದ್ದರೆ ಪ್ರೋಗ್ರಾಂ ಅದನ್ನು ಎಸೆಯುತ್ತದೆ.

ಹಾಗಾದರೆ ಜಾಗ ಕಾಣಿಸುತ್ತದೆ, ಹೆಸರು ಮಾತ್ರ ಯಾಕೆ ಕಾಣಿಸುವುದಿಲ್ಲ? ಜಾಗ ಹೇಳುವ ವಾಕ್ಯ ಚಿಕ್ಕದು. ಒಂದು ಹೋದರೂ ಕೆಲವೇ ಸೆಕೆಂಡಿನಲ್ಲಿ ಇನ್ನೊಂದು ಬರುತ್ತದೆ, ನಷ್ಟ ಗೊತ್ತೇ ಆಗುವುದಿಲ್ಲ. ಹೆಸರಿನ ಸಂದೇಶ ಉದ್ದ. ಒಂದು ವಾಕ್ಯದಲ್ಲಿ ಹಿಡಿಸದೆ ಎರಡು ತುಂಡಾಗಿ ಬೆನ್ನುಬೆನ್ನಿಗೆ ಬರುತ್ತದೆ. ಎರಡರಲ್ಲಿ ಒಂದು ಅಕ್ಷರ ತಪ್ಪಿದರೂ ಹೆಸರಿಲ್ಲ, ಮತ್ತೆ 6 ನಿಮಿಷ ಕಾಯಬೇಕು. 14 ನಾಟ್ ವೇಗದ ಹಡಗು ಅಷ್ಟರಲ್ಲಿ 2.6 ಕಿಲೋಮೀಟರ್ ಬಂದಿರುತ್ತದೆ. ಎರಡು ಸಲ ತಪ್ಪಿದರೆ ಐದು ಕಿಲೋಮೀಟರ್. ರಾತ್ರಿ ಬಲೆ ಎಳೆಯುವವನಿಗೆ ಅದು ಬದುಕಿನ ಲೆಕ್ಕ.

ಮದ್ದು 16550ಎ. 16450 ಇದ್ದ ಜಾಗದಲ್ಲೇ ಕೂರುವ, ಅದೇ 40 ಕಾಲಿನ ಚಿಪ್. ಎರಡು ಕಾಲುಗಳ ಕೆಲಸ ಮಾತ್ರ ಬೇರೆ, ಇಂಥ ಕಾರ್ಡುಗಳು ಅವನ್ನು ಬಳಸುವುದಿಲ್ಲ. ಒಳಗೆ 16 ಅಕ್ಷರ ಹಿಡಿಸುವ ಸಾಲು ಇದೆ. 38400ರಲ್ಲಿ ಅದು ತುಂಬಲು 4 ಮಿಲಿಸೆಕೆಂಡಿಗೂ ಹೆಚ್ಚು ಬೇಕು. ಅಷ್ಟು ಹೊತ್ತು ವಿಂಡೋಸ್ ಬೀಡಿ ಹಚ್ಚಿದರೂ ಪರವಾಗಿಲ್ಲ. "ಕೊನೇಲಿ ಎ ಇರೋದೇ ತಗೋ" ಅಂತ ಅಣ್ಣ ಹುಡುಗನಿಗೆ ಎರಡೆರಡು ಸಲ ಹೇಳಿದರು. ಎ ಇಲ್ಲದ ಮೊದಲ 16550ರಲ್ಲಿ ಆ ಸಾಲು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ.

ಮರುದಿನ ಹುಡುಗನ ಜೊತೆ ನಾನೂ ಮೌಂಟ್ ರೋಡ್ ಹತ್ತಿರದ ರಿಚ್ಚಿ ಸ್ಟ್ರೀಟಿಗೆ ಹೋದೆ. ಬೆಂಗಳೂರಿನ ಎಸ್‌ಪಿ ರೋಡ್ ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ಅದೇ ಇಕ್ಕಟ್ಟು, ಅದೇ ಕೂಗು, ಕನ್ನಡದ ಬದಲು ತಮಿಳು ಅಷ್ಟೇ. ನಾಲ್ಕು ಅಂಗಡಿಯಲ್ಲಿ ಇಲ್ಲ ಅಂದರು. ಐದನೆಯವರು ಗೋಣಿಚೀಲ ಸುರಿದು ನೀವೇ ಹುಡುಕಿಕೊಳ್ಳಿ ಅಂದರು. ಸತ್ತುಹೋದ ಕಾರ್ಡೊಂದರ ಸಾಕೆಟ್ಟಿನಲ್ಲಿ ಧೂಳು ತಿನ್ನುತ್ತಾ ಕೂತಿತ್ತು 16550ಎ. ಇಡೀ ಕಾರ್ಡಿಗೆ ಐವತ್ತು ರೂಪಾಯಿ. ಬಂದ ದಾರಿಯಲ್ಲೇ ಇಬ್ಬರೂ ಕಾಫಿ ಕುಡಿದದ್ದು ಅದಕ್ಕಿಂತ ಸ್ವಲ್ಪ ಕಡಿಮೆ.

ಹುಡುಗನೇ ಹಳೆಯ 1.8432ರ ಕ್ರಿಸ್ಟಲ್ಲನ್ನು ಮತ್ತೆ ಬೆಸೆದ. ಸಾಕೆಟ್ಟಿನಿಂದ 16450 ಎಬ್ಬಿಸಿ ಹೊಸ ಚಿಪ್ ಕೂರಿಸಿದ. ವಿಂಡೋಸಿನಲ್ಲಿ ಪೋರ್ಟಿನ ಸೆಟ್ಟಿಂಗ್ ತೆರೆದು ಬಫರ್ ಬಳಸು ಅನ್ನುವಲ್ಲಿ ಗುರುತು ಹಾಕಿದ. ಆಮೇಲೆ ಎಲ್ಲರೂ ಟೀ ತರಿಸಿಕೊಂಡು ಕಾದೆವು. ಎರಡನೆಯ ನಿಮಿಷಕ್ಕೆ ಒಂದು ಸಂಖ್ಯೆ ಅಳಿಸಿ ಹೆಸರು ಬಂತು. ನಾಲ್ಕನೆಯದಕ್ಕೆ ಇನ್ನೆರಡು. ಕಾಲು ಗಂಟೆಯಲ್ಲಿ ನಕ್ಷೆಯ ಮೇಲಿನ ಹೆಚ್ಚುಕಮ್ಮಿ ಎಲ್ಲ ತ್ರಿಕೋನಕ್ಕೂ ಹೆಸರು. ಡ್ರೈವರಿಗೆ ಇಂಗ್ಲಿಷ್ ಓದುವುದು ಕಷ್ಟ. ಹುಡುಗ ಒಂದೊಂದೇ ಓದಿ ಹೇಳಿದ, ಅವರು ಬಾಯಲ್ಲಿ ಹೇಳಿಕೊಂಡು ಕಲಿತರು.

ಆ ವರ್ಷ ಜುಲೈಯಲ್ಲಿ ಒಮ್ಮೆ ಜೆಟ್ಟಿಯಲ್ಲಿ ಅವರೇ ಸಿಕ್ಕರು. ಒಂದು ರಾತ್ರಿ ಒಂದು ಹಡಗನ್ನು ಹೆಸರು ಹಿಡಿದು ಮೂರು ಸಲ ಕರೆದರಂತೆ. ಆಚೆಯಿಂದ ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಇವರಿಗೆ ಪೂರ್ತಿ ಅರ್ಥವಾಗಲಿಲ್ಲ. "ಆದರೆ ಅದರ ಕೆಂಪು ದೀಪ ಕಂಡಿತು ತಂಬಿ, ಆಮೇಲೆ ಹಿಂದಿನ ಬಿಳಿ ದೀಪ. ತಿರುಗಿಕೊಂಡು ಹೋಯಿತು." ಇಷ್ಟು ಹೇಳಿ ನನ್ನ ಚೀಲಕ್ಕೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದರು.

ಇದನ್ನು ದೊಡ್ಡ ಸಾಧನೆ ಅಂತ ಹೇಳುತ್ತಿಲ್ಲ. ಅದು ಬರೀ ಕೇಳುವ ಪೆಟ್ಟಿಗೆ. ಹಡಗು ಇವರಿಗೆ ಕಾಣುತ್ತದೆ, ಇವರು ಹಡಗಿಗೆ ಕಾಣುವುದಿಲ್ಲ. ಕಾಣಬೇಕಾದರೆ ಬೋಟಿನಲ್ಲಿ ಕಳಿಸುವ ಉಪಕರಣವೂ ಬೇಕು. ಅದಿಲ್ಲದಾಗ ಏನಾಗಬಹುದು ಅನ್ನುವುದನ್ನು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು, ಉಡುಪಿ ಮತ್ತು ಉತ್ತರ ಕನ್ನಡದ ಏಳು ಮಂದಿಯ ಸಮೇತ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿದೆ ಅಂತ ನೌಕಾಪಡೆ ಪತ್ತೆ ಮಾಡಿದ್ದು ಮರುವರ್ಷ ಮೇಯಲ್ಲಿ. ಆ ತಿಂಗಳುಗಳಲ್ಲಿ ಊರಿಗೆ ಫೋನ್ ಮಾಡಿದಾಗಲೆಲ್ಲ ಮನೆಯವರು ಮಾತಾಡುತ್ತಿದ್ದದ್ದು ಒಂದೇ ವಿಷಯ. ಬೋಟು ಎಲ್ಲಿದೆ?

ಈಗ ಪರಿಸ್ಥಿತಿ ಸುಧಾರಿಸುತ್ತಿದೆ. ಇಸ್ರೋ ತಂತ್ರಜ್ಞಾನದ, ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಕಳಿಸಬಲ್ಲ ಟ್ರಾನ್ಸ್‌ಪಾಂಡರುಗಳು ಬಂದಿವೆ. ಕರಾವಳಿ ರಾಜ್ಯಗಳ 1 ಲಕ್ಷ ಮೀನುಗಾರಿಕಾ ಬೋಟುಗಳಿಗೆ ಇವನ್ನು ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ದೊಡ್ಡ ಬೋಟುಗಳಲ್ಲಿ ಸೆಕೆಂಡಿಗೆ 250 ಸಾವಿರ ಬಿಟ್ಟಿನ ಎನ್‌ಎಂಇಎ 2000 ಬಂದಿದೆ. ಆದರೂ ಅಣ್ಣನ ಅಂಗಡಿಯಲ್ಲಿ ಇವತ್ತಿಗೂ 4800ರ ಹಳೆಯ ವಾಕ್ಯಗಳೇ ಹೆಚ್ಚು ಓಡುತ್ತವೆ. ತುಕ್ಕು ಹಿಡಿದ ತಂತಿ, ಅಲುಗಾಡುವ ಕನೆಕ್ಟರು, ಕೈಗೆ ಸಿಕ್ಕಿದ ಕೇಬಲ್ ಇವೆಲ್ಲದರ ನಡುವೆಯೂ ಆ ನಿಧಾನದ ಮಾತು ಹೇಗೋ ದಾಟಿಕೊಳ್ಳುತ್ತದೆ. ಇವತ್ತಿನ ಯುಎಸ್‌ಬಿ ಸೀರಿಯಲ್ ಕೇಬಲ್ಲುಗಳ ಒಳಗೆ ನೂರಾರು ಅಕ್ಷರ ಹಿಡಿಸುವ ಜಾಗ ಇರುತ್ತದೆ. ಹಾಗಾಗಿ ಹೊಸ ಹುಡುಗರಿಗೆ ಕ್ರಿಸ್ಟಲ್ ಕೀಳುವ, ಚಿಪ್ ಬದಲಿಸುವ ಕೆಲಸ ಬೀಳುವುದಿಲ್ಲ.

ಅವತ್ತಿನ ಆ ಹುಡುಗ ಈಗ ಬಂದರಿನ ಇನ್ನೊಂದು ಮೂಲೆಯಲ್ಲಿ ಸ್ವಂತ ಅಂಗಡಿ ಹಾಕಿದ್ದಾನೆ. ಬೋಟಿನವರು ಪೆಟ್ಟಿಗೆ ತಂದು ಇದು ಸ್ಲೋ ಆಗಿದೆ ಅಂದರೆ, ಬಿಚ್ಚುವ ಮೊದಲು ಎಲ್ಲಿ, ಯಾವಾಗ, ಯಾವುದು ಕಾಣೆಯಾಗುತ್ತದೆ ಅಂತ ಕೇಳಿ ಬರೆದುಕೊಳ್ಳುತ್ತಾನೆ.

ಕಾಸಿಮೇಡಿಗೆ ಹೋಗುವುದಿದ್ದರೆ ಬೆಳಿಗ್ಗೆ ಐದಕ್ಕೆ ಮೊದಲು ಹೋಗಿ, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ, ಐಸ್ ಡಬ್ಬ ಜೊತೆಗಿರಲಿ. ಮೀನು ಬೇಕಿದ್ದರೆ ಜೂನ್ 14 ಕಳೆದ ಮೇಲೆ. ಬೋಟು ನೋಡಬೇಕು, ಅದನ್ನು ರಿಪೇರಿ ಮಾಡುವವರ ಹತ್ತಿರ ಮಾತಾಡಬೇಕು ಅಂತಿದ್ದರೆ ಮೇ ತಿಂಗಳೇ ಸರಿ. ಬಿಸಿಲು ಕೇಳಬೇಡಿ.